ಮೊದಲು ಕನ್ನಡದಲ್ಲಿ ಹೇಳಿ ನೋಡಿ

(ತಾಲ್ಲೂಕು ಕೇಂದ್ರವೊಂದರ ಗ್ರಂಥಾಲಯದಲ್ಲಿ, ಕಾಲೇಜು ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ನಿವೃತ್ತ ಇಂಗ್ಲಿಷ್ ಉಪನ್ಯಾಸಕರೊಬ್ಬರು ಆಡಿದ ಮಾತುಗಳ ಬರಹ ರೂಪ)

ಒಂದು ಸೈಕಲ್ ಪಂಪಿನಿಂದ ಶುರು ಮಾಡುತ್ತೇನೆ. ನಾನು ಪದವಿಪೂರ್ವ ಕಾಲೇಜಿಗೆ ಇಂಗ್ಲಿಷ್ ಹೇಳಿಕೊಡಲು ಸೇರಿದ ಹೊಸತು. ಕಾಲೇಜಿನ ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ. ಒಂದು ಸಂಜೆ ಹುಡುಗನೊಬ್ಬ ಗಾಳಿ ಹೋದ ಸೈಕಲ್ಲನ್ನು ತಳ್ಳಿಕೊಂಡು ಬಂದು ಗೇಟಿನ ಹೊರಗೆ ನಿಂತ. ಇಂಗ್ಲಿಷ್ ಮೇಷ್ಟ್ರ ಮನೆ ಎಂಬ ಭಯಕ್ಕೋ ಭಕ್ತಿಗೋ, ಉಸಿರು ಬಿಗಿಹಿಡಿದು ಇಂಗ್ಲಿಷಿನಲ್ಲೇ ಕೇಳಿದ: ‘ಸರ್, ಕ್ಯಾನ್ ಯು ಬಾರೋ ಮಿ ಯುವರ್ ಪಂಪ್?’

ನಾನೂ ಹೊಸ ಮೇಷ್ಟ್ರು. ಪಂಪು ಕೊಡುವುದಕ್ಕೆ ಮೊದಲು ಪಾಠ ಕೊಟ್ಟೆ. ‘ಬಾರೋ ಅಲ್ಲಪ್ಪ, ಲೆಂಡ್ ಎನ್ನಬೇಕು’ ಎಂದೆ. ತಲೆಯಾಡಿಸಿದ. ಮರುದಿನ ಪಂಪು ಹಿಂದಿರುಗಿಸಲು ಬಂದವನು ಬಹಳ ವಿಶ್ವಾಸದಿಂದ ‘ಥ್ಯಾಂಕ್ ಯು ಸರ್, ಐ ಲೆಂಟ್ ಯುವರ್ ಪಂಪ್’ ಎಂದ. ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ನಾನು ಅವನ ಬಾಯಿಂದ ಒಂದು ಪದವನ್ನು ಕಿತ್ತು ಇನ್ನೊಂದನ್ನು ನೆಟ್ಟಿದ್ದೆ, ಅಷ್ಟೇ. ಅರ್ಥ ಹೇಳಿಕೊಟ್ಟಿರಲಿಲ್ಲ. ‘ನಿನ್ನೆ ನಡೆದದ್ದನ್ನು ಕನ್ನಡದಲ್ಲಿ ಹೇಳು’ ಎಂದೆ. ‘ನೀವು ಪಂಪು ಕೊಟ್ಟಿರಿ, ನಾನು ಇಸಿದುಕೊಂಡೆ’ ಎಂದ. ಒಂದು ಕ್ಷಣವೂ ಯೋಚಿಸಲಿಲ್ಲ. ಕೊಟ್ಟವರು ಯಾರು, ಇಸಿದುಕೊಂಡವರು ಯಾರು ಎಂಬುದರಲ್ಲಿ ಅವನಿಗೆ ಗೊಂದಲವೇ ಇರಲಿಲ್ಲ. ಕೊಟ್ಟದ್ದು ಲೆಂಡ್, ಇಸಿದುಕೊಂಡದ್ದು ಬಾರೋ ಎಂದೆ. ಅವನು ಸ್ವಲ್ಪ ಹೊತ್ತು ನಿಂತು, ‘ಹಾಗಾದರೆ ವಸ್ತುವನ್ನು ನಮ್ಮ ಕಡೆಗೆ ಬಾರೋ ಎಂದು ಕರೆದರೆ ಬಾರೋ’ ಎಂದ. ನಾನು ಓದಿದ ಯಾವ ವ್ಯಾಕರಣದಲ್ಲೂ ಇಷ್ಟು ಒಳ್ಳೆಯ ಸೂತ್ರ ಇರಲಿಲ್ಲ. ಮೂವತ್ತು ವರ್ಷ ಅದನ್ನೇ ತರಗತಿಯಲ್ಲಿ ಹೇಳಿಕೊಂಡು ಬಂದೆ. ಅವನಿಂದ ಬಾರೋ ಮಾಡಿದ್ದು, ಇನ್ನೂ ಹಿಂದಿರುಗಿಸಿಲ್ಲ.

ಈ ಸಂಜೆ ನಾನು ಹೇಳಬೇಕೆಂದಿರುವುದು ಇದನ್ನೇ. ಇಂಗ್ಲಿಷಿನ ಜೋಡಿ ಪದಗಳು ನಮ್ಮನ್ನು ಕಾಡಿದಾಗ ನಾವು ನಿಘಂಟಿಗೆ ಓಡುತ್ತೇವೆ, ಪಟ್ಟಿ ಬರೆದು ಉರುಹೊಡೆಯುತ್ತೇವೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಹೇಳಬೇಕಾದ ವಾಕ್ಯವನ್ನು ಕನ್ನಡದಲ್ಲಿ, ವಿಭಕ್ತಿ ಪ್ರತ್ಯಯವನ್ನು ನುಂಗದೆ, ಪೂರ್ತಿ ಹೇಳಿ ನೋಡಿ. ಅರ್ಧದಷ್ಟು ಗೊಂದಲ ಅಲ್ಲೇ ಬಿಡಿಸಿಕೊಳ್ಳುತ್ತದೆ. ಉಳಿದ ಅರ್ಧಕ್ಕೆ ಬೇರೆ ಉಪಾಯವಿದೆ, ಅದಕ್ಕೂ ಬರುತ್ತೇನೆ.

ಸಾಲದ ಮಾತು ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಈ ವಿಷಯದಲ್ಲಿ ನಮ್ಮ ಭಾಷೆ ಇಂಗ್ಲಿಷಿಗಿಂತ ಸೂಕ್ಷ್ಮ. ನನ್ನ ಅಜ್ಜಿ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತರಿಸಿದರೆ ಅದು ಕಡ. ಮದುವೆಗೆ ದೊಡ್ಡ ಕೊಳಗ ತರಿಸಿದರೆ ಅದು ಎರವಲು. ಕಡ ತಂದ ಸಕ್ಕರೆಯನ್ನು ಯಾರೂ ಅದೇ ಸಕ್ಕರೆಯಾಗಿ ಹಿಂದಿರುಗಿಸುವುದಿಲ್ಲ. ಅಷ್ಟೇ ಅಳತೆಯ ಬೇರೆ ಸಕ್ಕರೆ ಕೊಡುತ್ತಾರೆ. ಎರವಲು ತಂದ ಕೊಳಗವನ್ನು ಮಾತ್ರ ತಿಕ್ಕಿ ತೊಳೆದು, ಅದನ್ನೇ ಹಿಂದಿರುಗಿಸಬೇಕು. ಇಂಗ್ಲಿಷಿನಲ್ಲಿ ಎರಡಕ್ಕೂ ಬಾರೋ ಒಂದೇ. ಆದ್ದರಿಂದ ಇಂಗ್ಲಿಷಿನಲ್ಲಿ ಬಹಳ ಪದಗಳಿವೆ, ನಮ್ಮಲ್ಲಿ ಇಲ್ಲ ಎಂಬ ಕೀಳರಿಮೆ ಬೇಡ. ಒಬ್ಬರು ಒಂದು ಕಡೆ ಗೆರೆ ಎಳೆದಿರುತ್ತಾರೆ, ಇನ್ನೊಬ್ಬರು ಇನ್ನೊಂದು ಕಡೆ.

ಎರಡನೆಯ ಗುಂಪಿಗೆ ಹೋಗೋಣ. ‘ಪ್ಲೀಸ್ ರಿಮೆಂಬರ್ ಮಿ ಟುಮಾರೋ’ ಎಂದು ಗುಮಾಸ್ತರೊಬ್ಬರು ನನಗೆ ಚೀಟಿ ಬರೆದಿದ್ದರು. ನಾಳೆ ನನ್ನನ್ನು ಸ್ಮರಿಸಿ ಎಂದು ಕೇಳಿಕೊಳ್ಳುವುದು ಬಹಳ ಗಂಭೀರವಾದ ವಿಷಯ. ಓದಿದವನಿಗೆ ಎದೆ ಧಸಕ್ಕೆನ್ನುತ್ತದೆ. ಪಾಪ, ಅವರು ಕೇಳಿದ್ದು ಹಾಜರಿ ಪುಸ್ತಕದ ಬಗ್ಗೆ ನೆನಪಿಸಿ ಎಂದು. ನೆನಪಾಗುವುದು ರಿಮೆಂಬರ್, ನೆನಪಿಸುವುದು ರಿಮೈಂಡ್. ಕನ್ನಡದಲ್ಲಿ ಆ ಎರಡರ ನಡುವೆ ನಿಂತಿರುವುದು ‘ಇಸು’ ಎಂಬ ಪುಟ್ಟ ಪ್ರತ್ಯಯ. ಕಲಿ, ಕಲಿಸು: ಲರ್ನ್, ಟೀಚ್. ಏರು, ಏರಿಸು: ರೈಸ್, ರೇಜ್. ಮಲಗು, ಮಲಗಿಸು: ಲೈ, ಲೇ.

ಬಸ್ ದರ ಏರಿತು ಎನ್ನುವುದು ಸರ್ಕಾರದ ಮಾತು, ಏರಿಸಿದರು ಎನ್ನುವುದು ಪ್ರಯಾಣಿಕರ ಮಾತು. ಮೊದಲನೆಯದರಲ್ಲಿ ದರ ತಾನೇ ಎದ್ದು ಮೇಲೆ ಹೋದಂತಿದೆ, ಅದು ರೈಸ್. ಎರಡನೆಯದರಲ್ಲಿ ಅದನ್ನು ಎತ್ತಿದ ಕೈ ಕಾಣುತ್ತದೆ, ಅದು ರೇಜ್. ‘ಇಸು’ ಬಂದರೆ ಮಾಡಿಸುವವನೊಬ್ಬ ಇದ್ದಾನೆ ಎಂದರ್ಥ.

ಇದು ಕಾಕತಾಳೀಯವಲ್ಲ. ಇಂಗ್ಲಿಷ್, ಜರ್ಮನ್ ಮುಂತಾದ ಸೋದರ ಭಾಷೆಗಳ ಪೂರ್ವರೂಪದಲ್ಲಿ ನಮ್ಮ ‘ಇಸು’ವಿನಂಥ ಪ್ರತ್ಯಯವೊಂದು ಇತ್ತು. ಕ್ರಿಯಾಪದಕ್ಕೆ ಅದನ್ನು ಹಚ್ಚಿದರೆ ಒಳಗಿನ ಸ್ವರ ಬದಲಾಗುತ್ತಿತ್ತು. ಕಾಲಕ್ರಮದಲ್ಲಿ ಪ್ರತ್ಯಯ ಸವೆದುಹೋಯಿತು, ಬದಲಾದ ಸ್ವರ ಮಾತ್ರ ಉಳಿಯಿತು. ಸಿಟ್ ಎಂದರೆ ಕೂರು, ಸೆಟ್ ಎಂದರೆ ಕೂರಿಸು. ಫಾಲ್ ಎಂದರೆ ಬೀಳು, ಫೆಲ್ ಎಂದರೆ ಬೀಳಿಸು, ಅಂದರೆ ಮರ ಕಡಿದು ಕೆಡವು. ಡ್ರಿಂಕ್ ಎಂದರೆ ಕುಡಿ. ಈಗ ತೊಯ್ಯಿಸು ಎಂದು ನಾವು ತಿಳಿದಿರುವ ಡ್ರೆಂಚ್ ಮೂಲದಲ್ಲಿ ಕುಡಿಸು ಎಂಬುದೇ. ದನಕ್ಕೆ ಔಷಧಿ ಕುಡಿಸುವುದಕ್ಕೆ ಪಶುವೈದ್ಯರು ಇಂದಿಗೂ ಡ್ರೆಂಚ್ ಎನ್ನುತ್ತಾರೆ. ಇಂಗ್ಲಿಷಿನವರಿಗೆ ಇವು ಬೇರೆ ಬೇರೆ ಪದಗಳಾಗಿ ಕಾಣುತ್ತವೆ. ನಮ್ಮಲ್ಲಿ ಆ ಪ್ರತ್ಯಯ ಇನ್ನೂ ಜೀವಂತವಾಗಿರುವುದರಿಂದ ಅವರಿಗಿಂತ ನಮಗೇ ಸುಲಭವಾಗಬೇಕು.

ಲೈ ಮತ್ತು ಲೇ ಜೋಡಿಯಲ್ಲಿ ಮಾತ್ರ ಒಂದು ಗುಂಡಿ ಇದೆ. ಲೈ ಪದದ ಭೂತಕಾಲವೂ ಲೇ. ಮಗು ನಿನ್ನೆ ಇಲ್ಲೇ ಮಲಗಿತ್ತು ಎನ್ನುವಾಗ ಲೇ ಬರುತ್ತದೆ, ಆದರೆ ಅದು ಮಲಗಿಸುವ ಲೇ ಅಲ್ಲ. ಮಲಗಿಸುವ ಲೇ ಭೂತಕಾಲದಲ್ಲಿ ಲೇಡ್ ಆಗುತ್ತದೆ. ಈ ಗುಂಡಿಗೆ ಇಂಗ್ಲಿಷರೂ ದಿನಾ ಬೀಳುತ್ತಾರೆ. ಗುರುತಿಗೆ ನಮ್ಮೂರುಗಳಲ್ಲೇ ಬೇಕಾದಷ್ಟು ಶಿಲಾಫಲಕಗಳಿವೆ. ಅಡಿಗಲ್ಲು ಸಮಾರಂಭದ ಇಂಗ್ಲಿಷ್ ಫಲಕದಲ್ಲಿ ‘ಲೇಡ್ ಬೈ’ ಎಂದು ಕೆತ್ತಿ ಕೆಳಗೆ ಗಣ್ಯರ ಹೆಸರು ಬರೆದಿರುತ್ತಾರೆ. ಕಲ್ಲು ತಾನಾಗಿ ಬಂದು ಮಲಗಲಿಲ್ಲ, ಯಾರೋ ಇಟ್ಟರು. ಆದ್ದರಿಂದ ಲೇಡ್. ಇಟ್ಟ ಮೇಲೆ ಕಟ್ಟಡ ಮೇಲೇಳದೆ ಕಲ್ಲು ಹುಲ್ಲಿನ ನಡುವೆ ವರ್ಷಗಟ್ಟಲೆ ಬಿದ್ದಿರುತ್ತದಲ್ಲ, ಅದು ಲೈ.

ಇನ್ನು ನೋಡುವುದು, ಕೇಳುವುದು. ಸೀ ಎಂದರೂ ನೋಡು, ಲುಕ್ ಎಂದರೂ ನೋಡು ಎಂದು ಶಾಲೆಯಲ್ಲಿ ಹೇಳಿಕೊಟ್ಟುಬಿಡುತ್ತಾರೆ. ಕನ್ನಡಕ್ಕೆ ‘ಕಾಣು’ ಎಂಬ ಪದವೂ ಇದೆ ಎಂಬುದು ಆ ಹೊತ್ತಿಗೆ ಮೇಷ್ಟ್ರಿಗೂ ನೆನಪಿರುವುದಿಲ್ಲ. ಮೊನ್ನೆ ಕನ್ನಡಕ ಮನೆಯಲ್ಲಿ ಬಿಟ್ಟು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಬಸ್ಸಿನ ಬೋರ್ಡು ನೋಡಿದೆ, ಏನೂ ಕಾಣಿಸಲಿಲ್ಲ. ನೋಡಿದ್ದು ಲುಕ್, ಕಾಣಿಸದೆ ಹೋದದ್ದು ಸೀ. ಕಂಡಕ್ಟರ್ ಊರಿನ ಹೆಸರು ಕೂಗುತ್ತಿದ್ದರು, ಕಿವಿಗೊಟ್ಟು ಕೇಳಿದೆ, ಗದ್ದಲದಲ್ಲಿ ಕೇಳಿಸಲಿಲ್ಲ. ಕಿವಿಗೊಟ್ಟದ್ದು ಲಿಸನ್, ಕೇಳಿಸದೆ ಹೋದದ್ದು ಹಿಯರ್.

ಇಲ್ಲೊಂದು ಒರೆಗಲ್ಲು ಇದೆ. ವಾಕ್ಯ ‘ನಾನು’ ಎಂದು ಶುರುವಾದರೆ ಲುಕ್, ಲಿಸನ್. ‘ನನಗೆ’ ಎಂದು ಶುರುವಾದರೆ ಸೀ, ಹಿಯರ್. ನಾನು ನೋಡಿದೆ, ನನಗೆ ಕಂಡಿತು. ನಾನು ಕಿವಿಗೊಟ್ಟೆ, ನನಗೆ ಕೇಳಿಸಿತು. ಕರ್ತೃವಾಗಿ ನಾವು ಮುಂದೆ ನಿಂತು ಮಾಡಿದ ಕೆಲಸ ಒಂದು, ನಮ್ಮ ಹತ್ತಿರ ತಾನಾಗಿ ಬಂದ ಅನುಭವ ಇನ್ನೊಂದು. ಕನ್ನಡದ ಚತುರ್ಥಿ ವಿಭಕ್ತಿ ಮಾಡುವ ಈ ಕೆಲಸಕ್ಕೆ ಇಂಗ್ಲಿಷ್ ಬೇರೆ ಕ್ರಿಯಾಪದವನ್ನೇ ಇಟ್ಟುಕೊಂಡಿದೆ. ಇದು ನೂರಕ್ಕೆ ನೂರು ಒಗ್ಗುವ ಸೂತ್ರವಲ್ಲ. ಸಿನಿಮಾ ನೋಡಿದೆ ಎನ್ನುವಾಗ ಸೀ ಕೂಡ ನಡೆಯುತ್ತದೆ, ವಾಚ್ ಕೂಡ ನಡೆಯುತ್ತದೆ, ಲುಕ್ ಮಾತ್ರ ನಡೆಯುವುದಿಲ್ಲ.

ಇಂಥದ್ದೇ ಇನ್ನೊಂದು, ಬೇಗ ಹೇಳಿಬಿಡುತ್ತೇನೆ. ಲಿಟಲ್ ಮತ್ತು ಎ ಲಿಟಲ್. ಆ ಒಂಟಿ ‘ಎ’ಯಿಂದ ಏನು ವ್ಯತ್ಯಾಸ ಎಂದು ಮಕ್ಕಳು ಕೇಳುತ್ತಾರೆ. ಮನೆಗೆ ನೆಂಟರು ಬಂದಾಗ ಅಡುಗೆಮನೆಯಿಂದ ‘ಸ್ವಲ್ಪ ಹಾಲಿದೆ’ ಎಂದು ದನಿ ಬಂದರೆ ಕಾಫಿ ಬರುತ್ತದೆ. ‘ಸ್ವಲ್ಪವೇ ಹಾಲಿದೆ’ ಎಂದು ಬಂದರೆ ನೆಂಟರು ನೀರು ಕುಡಿದು ಹೊರಡುತ್ತಾರೆ. ಮೊದಲನೆಯದು ಎ ಲಿಟಲ್, ಎರಡನೆಯದು ಲಿಟಲ್. ಫ್ಯೂ, ಎ ಫ್ಯೂ ಜೋಡಿಯೂ ಹಾಗೆಯೇ: ಕೆಲವರು ಬಂದರು, ಕೆಲವರೇ ಬಂದರು. ನಮ್ಮ ‘ಏ’ ಸೇರಿದ ಕಡೆ ಅವರ ‘ಎ’ ಬಿಟ್ಟುಹೋಗುತ್ತದೆ.

ಈಗ ನನಗೆ ಬಹಳ ಇಷ್ಟವಾದ ಜೋಡಿ: ಡೌಟ್ ಮತ್ತು ಸಸ್ಪೆಕ್ಟ್. ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ, ಏಕೆಂದರೆ ಇದರಲ್ಲಿ ನಮ್ಮವರು ಎಡವಿದಷ್ಟು ಬೇರೆಲ್ಲೂ ಎಡವುವುದಿಲ್ಲ. ಎಡವಿದ್ದು ಗೊತ್ತೂ ಆಗುವುದಿಲ್ಲ.

ನಾನು ಕೆಲಸ ಮಾಡಿದ ಊರೊಂದರ ವಿದ್ಯಾರ್ಥಿನಿಲಯದಲ್ಲಿ ಕೈಗಡಿಯಾರವೊಂದು ಕಾಣೆಯಾಯಿತು. ಒಬ್ಬ ಹುಡುಗನ ಮೇಲೆ ಎಲ್ಲರ ಕಣ್ಣು. ನಿಲಯ ನೋಡಿಕೊಳ್ಳುತ್ತಿದ್ದವರು ಮೇಲಿನ ಅಧಿಕಾರಿಗೆ ಇಂಗ್ಲಿಷಿನಲ್ಲಿ ವರದಿ ಬರೆದರು. ಅದರ ಕೊನೆಯ ಸಾಲು: ‘ಐ ಡೌಟ್ ದಟ್ ದಿಸ್ ಬಾಯ್ ಹ್ಯಾಸ್ ಟೇಕನ್ ದಿ ವಾಚ್’. ಅವರ ಮನಸ್ಸಿನಲ್ಲಿದ್ದದ್ದು, ಇವನೇ ತೆಗೆದಿರಬೇಕೆಂದು ನನಗೆ ಅನುಮಾನ ಎಂದು. ಅಧಿಕಾರಿ ಹಳೆಯ ಕಾಲದವರು, ಇಂಗ್ಲಿಷನ್ನು ಇಂಗ್ಲಿಷಿನಂತೆಯೇ ಓದುವವರು. ಆ ವಾಕ್ಯಕ್ಕೆ ಸರಿಯಾದ ಅರ್ಥ, ಇವನು ತೆಗೆದಿರಲಾರ ಎಂದು. ಅವರು ವರದಿಯ ಅಂಚಿನಲ್ಲಿ ‘ಒಪ್ಪಿದೆ, ಹುಡುಗನನ್ನು ತೊಂದರೆಪಡಿಸಬೇಡಿ’ ಎಂದು ಬರೆದು ಕಳಿಸಿದರು. ಎರಡು ವಾರದ ಮೇಲೆ ಗಡಿಯಾರ ಸ್ನಾನದ ಮನೆಯ ಗೂಡಿನಲ್ಲಿ, ಸೋಪಿನ ಡಬ್ಬಿಯ ಹಿಂದೆ ಸಿಕ್ಕಿತು. ತಪ್ಪು ಇಂಗ್ಲಿಷಿನಿಂದ ಒಬ್ಬ ಹುಡುಗನ ಮಾನ ಉಳಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಡೌಟ್ ಎಂದರೆ ಹಾಗಿರಲಾರದು ಎಂಬ ಕಡೆಗೆ ವಾಲುವ ಮನಸ್ಸು. ಸಸ್ಪೆಕ್ಟ್ ಎಂದರೆ ಹಾಗೇ ಇರಬೇಕು ಎಂಬ ಕಡೆಗೆ ವಾಲುವ ಮನಸ್ಸು. ಎರಡೂ ಎದುರುಬದುರು ದಿಕ್ಕು. ನಮ್ಮ ‘ಅನುಮಾನ’ ಎಂಬ ಪದಕ್ಕೆ ಎರಡೂ ಕಡೆ ಮುಖವಿದೆ. ‘ಮಳೆ ಬರುವುದು ಅನುಮಾನ’ ಎಂದರೆ ಬರಲಾರದು. ‘ಮಳೆ ಬರಬಹುದೆಂದು ಅನುಮಾನ’ ಎಂದರೆ ಕೊಡೆ ತೆಗೆದುಕೊಂಡು ಹೋಗಬೇಕು. ನಮಗೆ ಇಲ್ಲಿ ಒಂದೇ ಪದ, ಆದ್ದರಿಂದ ಇಂಗ್ಲಿಷಿನಲ್ಲೂ ಒಂದೇ ಪದವನ್ನು ಎರಡಕ್ಕೂ ತೊಡಿಸುತ್ತೇವೆ.

ಇದಕ್ಕೂ ಕನ್ನಡದಲ್ಲೇ ಮದ್ದಿದೆ. ‘ಗುಮಾನಿ’ ಎಂಬ ಪದ ನಿಮಗೆಲ್ಲ ಗೊತ್ತು. ಪಾರಸಿಯಿಂದ ಬಂದದ್ದು, ಪೊಲೀಸ್ ಸುದ್ದಿಗಳಲ್ಲಿ ಈಗಲೂ ಓದುತ್ತೇವೆ. ನೀವು ಹೇಳಬೇಕೆಂದಿರುವ ವಾಕ್ಯದಲ್ಲಿ ಅನುಮಾನದ ಜಾಗಕ್ಕೆ ಗುಮಾನಿ ಹಾಕಿ ನೋಡಿ. ‘ಅವನೇ ಕದ್ದಿರಬೇಕೆಂದು ಗುಮಾನಿ’ ಸರಿಯಾಗಿ ಕೂರುತ್ತದೆ, ಹಾಗಾದರೆ ಸಸ್ಪೆಕ್ಟ್. ‘ಮಳೆ ಬರುವುದು ಗುಮಾನಿ’ ಎಂದು ಯಾರಾದರೂ ಅಂದಾರೆಯೇ? ಕೂರುವುದಿಲ್ಲ. ಹಾಗಾದರೆ ಡೌಟ್.

ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಹೋಗುತ್ತೇನೆ. ಈ ಅನುಮಾನ ಎಂಬ ಪದದ ಬಾಳನ್ನೇ ನೋಡಿ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳು, ಅಂದರೆ ತಿಳಿಯುವ ದಾರಿಗಳು. ಬೆಟ್ಟದ ಮೇಲೆ ಹೊಗೆ ಕಂಡು, ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ. ಅಂದರೆ ಅದು ಜ್ಞಾನದ ದಾರಿ, ಖಚಿತವಾದ ತೀರ್ಮಾನ. ಹಿಂದಿಗೆ ಹೋಗಿ ಅದು ಅಂದಾಜು ಆಯಿತು. ಕನ್ನಡಕ್ಕೆ ಬಂದು ಸಂಶಯವಾಯಿತು. ತಿಳಿಯುವ ದಾರಿಯೇ ತಿಳಿಯದೆ ತೊಳಲುವ ಸ್ಥಿತಿಯಾಯಿತು! ಇಂಗ್ಲಿಷ್ ಪದಗಳು ಮಾತ್ರ ಜಾರುತ್ತವೆ ಎಂದು ಯಾರೂ ತಿಳಿಯಬಾರದು ಎಂದು ಇದನ್ನು ಹೇಳಿದೆ.

ಇನ್ನೊಂದು ಸಣ್ಣ ಸಂಗತಿ. ಡೌಟ್ ಪದದ ನಡುವೆ ಯಾರೂ ಉಚ್ಚರಿಸದ ‘ಬಿ’ ಇದೆಯಲ್ಲ, ಅದು ಮೊದಲು ಇರಲಿಲ್ಲ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಆ ಅಕ್ಷರವಿಲ್ಲದೆಯೇ ಬಂತು. ಮೂಲ ಲ್ಯಾಟಿನ್ನಿನಲ್ಲಿ ‘ಬಿ’ ಇತ್ತೆಂದು ಪಂಡಿತರು ಆಮೇಲೆ ಅದನ್ನು ತುರುಕಿದರು. ಸಾಲ ಎಂಬ ಅರ್ಥದ ಡೆಟ್ ಪದಕ್ಕೂ ಹಾಗೆಯೇ ಮಾಡಿದರು. ಕನ್ನಡದಲ್ಲಿ ನಾವು ಡೌಟು ಎಂದು ಬರೆದಾಗ ಆ ‘ಬಿ’ಯನ್ನು ಕಿತ್ತೆಸೆಯುತ್ತೇವೆ. ಒಂದು ಲೆಕ್ಕದಲ್ಲಿ ನಮ್ಮದೇ ಹಳೆಯ ಕಾಗುಣಿತ.

ತರಗತಿಯಲ್ಲಿ ‘ಸರ್, ಡೌಟ್ ಇದೆ’ ಎಂದು ಕೈ ಎತ್ತುತ್ತೀರಲ್ಲ, ಅದು ಇನ್ನೊಂದು ಕಥೆ. ಅದು ಡೌಟ್ ಅಲ್ಲ, ಪ್ರಶ್ನೆ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಆದ್ದರಿಂದ ನಾನು ತಿದ್ದಲು ಹೋಗಲಿಲ್ಲ. ಆದರೆ ಹೊರದೇಶಕ್ಕೆ ಓದಲು ಹೋಗುವವರು ಎಚ್ಚರವಾಗಿರಿ. ಅಲ್ಲಿ ಪ್ರಾಧ್ಯಾಪಕರ ಎದುರು ನಿಮ್ಮ ಉಪನ್ಯಾಸದ ಬಗ್ಗೆ ನನಗೆ ಡೌಟ್ ಇದೆ ಎಂದರೆ, ನೀವು ಹೇಳಿದ್ದನ್ನು ನಾನು ನಂಬುವುದಿಲ್ಲ ಎಂದು ಕೇಳಿಸುತ್ತದೆ.

ಈವರೆಗೆ ಹೇಳಿದ್ದು ಅರ್ಥದ ಗೊಂದಲ. ಕಿವಿಯ ಗೊಂದಲ ಬೇರೆ. ಅಲ್ಲಿ ಅರ್ಥ ನಮಗೆ ಗೊತ್ತು, ಬರೆಯುವಾಗ ಕೈ ತಪ್ಪುತ್ತದೆ. ಕನ್ನಡದ ಮೂಲ ಧ್ವನಿಗಳಲ್ಲಿ ಇಂಗ್ಲಿಷಿನ ಕೊನೆಯ ಅಕ್ಷರ ಜ಼ಡ್‌ನ ಆ ಝೇಂಕಾರದ ಸದ್ದಿಲ್ಲ. ಹೀಗಾಗಿ ಲೂಸ್ ಮತ್ತು ಲೂಜ಼್, ಪ್ರೈಸ್ ಮತ್ತು ಪ್ರೈಜ಼್, ಅಡ್ವೈಸ್ ಮತ್ತು ಅಡ್ವೈಜ಼್ ನಮ್ಮ ಕಿವಿಗೆ ಒಂದೇ. ನಟ್ಟು ಲೂಸಾಯಿತು ಎನ್ನುವುದು ಸಡಿಲ, ಅದಕ್ಕೆ ‘ಓ’ ಎರಡು. ಕಳೆದುಕೊಂಡದ್ದು ಲೂಜ಼್, ಅದರಲ್ಲಿ ‘ಓ’ ಒಂದೇ. ಇನ್ನೊಂದು ‘ಓ’ ಕಳೆದುಹೋಗಿದೆ ಎಂದು ನೆನಪಿಟ್ಟುಕೊಳ್ಳಿ.

ಅಡ್ವೈಸ್ ಜೋಡಿಯಲ್ಲಿ ಸಲಹೆ ಎಂಬ ನಾಮಪದಕ್ಕೆ ‘ಸಿ’, ಸಲಹೆ ಕೊಡು ಎಂಬ ಕ್ರಿಯಾಪದಕ್ಕೆ ‘ಎಸ್’. ಬ್ರಿಟಿಷ್ ಕಾಗುಣಿತದಲ್ಲಿ ಲೈಸೆನ್ಸ್, ಪ್ರ್ಯಾಕ್ಟೀಸ್ ಎರಡಕ್ಕೂ ಇದೇ ಕ್ರಮ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ ಇಂಗ್ಲಿಷ್ ಪಾಠದಲ್ಲಿ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ನಿಮ್ಮ ಜೇಬಿನಲ್ಲಿರುವ ಡ್ರೈವಿಂಗ್ ಲೈಸೆನ್ಸ್ ‘ಸಿ’, ಅದನ್ನು ಕೊಡುವ ಲೈಸೆನ್ಸಿಂಗ್ ಪ್ರಾಧಿಕಾರ ‘ಎಸ್’. ಒಂದು ವಸ್ತು, ಒಂದು ಕೆಲಸ. ಅಮೆರಿಕದವರ ದಾರಿ ಬೇರೆ. ಅವರು ಲೈಸೆನ್ಸ್ ಎರಡಕ್ಕೂ ‘ಎಸ್’ ಹಾಕುತ್ತಾರೆ, ಪ್ರ್ಯಾಕ್ಟೀಸ್ ಎರಡಕ್ಕೂ ‘ಸಿ’. ಮೊಬೈಲ್ ನಿಮ್ಮ ಕಾಗುಣಿತದ ಕೆಳಗೆ ಕೆಂಪು ಗೆರೆ ಎಳೆದರೆ ತಕ್ಷಣ ಹೆದರಬೇಡಿ. ಅದು ಅಮೆರಿಕದಲ್ಲಿ ಕಲಿತದ್ದಿರಬಹುದು.

ಪ್ರಿನ್ಸಿಪಾಲ್ ಮತ್ತು ಪ್ರಿನ್ಸಿಪಲ್. ಇವು ಒಂದೇ ಮನೆಯ ಪದಗಳು, ಮೊದಲು, ಮುಖ್ಯ ಎಂಬ ಅರ್ಥದ ಲ್ಯಾಟಿನ್ ಬೇರಿನಿಂದ ಬಂದವು. ಒಂದು ಕಾಲೇಜಿನ ಮುಖ್ಯಸ್ಥರು, ಇನ್ನೊಂದು ತತ್ವ. ಕೊನೆಯಲ್ಲಿ ‘ಎ ಎಲ್’ ಯಾವುದಕ್ಕೆ, ‘ಎಲ್ ಇ’ ಯಾವುದಕ್ಕೆ ಎಂಬುದೇ ತಲೆನೋವು. ಕನ್ನಡದಲ್ಲಿ ಅವರನ್ನು ಏನೆನ್ನುತ್ತೇವೆ? ಪ್ರಾಂಶುಪಾಲರು. ಸಂಸ್ಕೃತದಲ್ಲಿ ಪ್ರಾಂಶು ಎಂದರೆ ಎತ್ತರದ, ಉನ್ನತವಾದ. ಪಾಲ ಎಂದರೆ ಪಾಲಿಸುವವನು. ಅರ್ಥಕ್ಕೂ ಒಗ್ಗುತ್ತದೆ, ಸದ್ದೂ ಇಂಗ್ಲಿಷಿಗೆ ಹತ್ತಿರ. ಕೊನೆಯಲ್ಲಿ ‘ಪಾಲ’ ಇದ್ದಾರೆ ಎಂದರೆ ಕಾಗುಣಿತದಲ್ಲಿ ‘ಪಿ ಎ ಎಲ್’ ಬರಬೇಕು. ಬ್ಯಾಂಕಿನಲ್ಲಿ ಸಾಲದ ಅಸಲಿಗೂ ಪ್ರಿನ್ಸಿಪಾಲ್ ಎನ್ನುತ್ತಾರೆ. ಅಲ್ಲಿಯೂ ಬಡ್ಡಿ ಒಂದು ಪಾಲು, ಅಸಲು ಒಂದು ಪಾಲು ಎಂದುಕೊಳ್ಳಿ. ತತ್ವದಲ್ಲಿ ಪಾಲಿಲ್ಲ. ತತ್ವದಲ್ಲೂ ಪಾಲು ಕೇಳುವವರಿದ್ದಾರೆ, ಅದು ಇವತ್ತಿನ ವಿಷಯವಲ್ಲ.

ಸ್ಟೇಷನರಿ ಅಂಗಡಿಯ ಬೋರ್ಡನ್ನು ‘ಎ’ ಹಾಕಿ ಬರೆದದ್ದನ್ನು ನೀವು ಎಷ್ಟೋ ಊರುಗಳಲ್ಲಿ ನೋಡಿರುತ್ತೀರಿ. ‘ಎ’ ಹಾಕಿದರೆ ಕದಲದೆ ನಿಂತಿರುವ ಎಂಬ ಅರ್ಥ. ಅಂಗಡಿಯೇನೋ ಕದಲುವುದಿಲ್ಲ, ಆ ಬೋರ್ಡು ಪೂರ್ತಿ ಸುಳ್ಳಲ್ಲ! ಸ್ವಾರಸ್ಯ ಏನೆಂದರೆ ಈ ಎರಡು ಪದಗಳ ಮೂಲವೂ ಅದೇ. ಮಧ್ಯಯುಗದ ಯುರೋಪಿನಲ್ಲಿ ಹೆಚ್ಚಿನ ಸರಕು ತಲೆಹೊರೆಯಲ್ಲಿ ಊರೂರು ತಿರುಗುತ್ತಿತ್ತು. ಪುಸ್ತಕ ಮಾರುವವರು ಮಾತ್ರ ವಿಶ್ವವಿದ್ಯಾಲಯಗಳ ಹತ್ತಿರ ಒಂದೇ ಕಡೆ ಅಂಗಡಿ ಊರಿಕೊಂಡು ಕೂತಿದ್ದರು. ಒಂದೆಡೆ ನಿಂತವರು ಎಂಬ ಅರ್ಥದಲ್ಲಿ ಅವರಿಗೆ ಸ್ಟೇಷನರ್ ಎಂಬ ಹೆಸರು ಬಂತು. ಅವರು ಮಾರುವ ಸರಕು ಸ್ಟೇಷನರಿ ಆಯಿತು. ನೆನಪಿಗೆ ಬೇಕಾದರೆ ಪೆನ್, ಪೇಪರ್, ಪೆನ್ಸಿಲ್, ಎನ್ವಲಪ್ ಎಲ್ಲದರಲ್ಲೂ ಇರುವ ‘ಇ’ ಅಕ್ಷರ ಸಾಕು.

ಅಫೆಕ್ಟ್, ಇಫೆಕ್ಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಪರಿಣಾಮ ಎಂದು ನಿಲ್ಲಿಸಬಹುದಾದರೆ ‘ಇ’, ಪರಿಣಾಮ ಬೀರು ಎಂದು ಮುಂದುವರಿಸಬೇಕಾದರೆ ‘ಎ’. ಬರಪೀಡಿತ, ನೆರೆಪೀಡಿತ ಎಂದು ಪತ್ರಿಕೆಯಲ್ಲಿ ಬಂದರೆ ಅಫೆಕ್ಟೆಡ್. ಸರ್ಕಾರಿ ಆದೇಶದಲ್ಲಿ ಇಂಥ ದಿನಾಂಕದಿಂದ ಜಾರಿಗೆ ಬರುವಂತೆ ಎಂದಿದ್ದರೆ ಇಫೆಕ್ಟ್. ಇದರಾಚೆಗೂ ಬಳಕೆಗಳಿವೆ, ಅವು ನಿಮ್ಮ ನಿತ್ಯದ ಬರವಣಿಗೆಯಲ್ಲಿ ಅಪರೂಪ.

ಕಾಗುಣಿತ ತಪ್ಪಿದರೆ ಹೆಚ್ಚೆಂದರೆ ಒಂದು ಅಂಕ ಹೋಗುತ್ತದೆ. ಆದರೆ ಒಂದು ಜೋಡಿ ಇದೆ, ಅದರಲ್ಲಿ ತಪ್ಪುವುದು ಅಪಾಯ. ಹೈಪರ್ ಮತ್ತು ಹೈಪೊ. ಎರಡೂ ಗ್ರೀಕಿನವು. ಹೈಪರ್ ಎಂದರೆ ಮೇಲೆ, ಹೈಪೊ ಎಂದರೆ ಕೆಳಗೆ. ಹೈಪರ್‌ಟೆನ್ಷನ್ ಅಧಿಕ ರಕ್ತದೊತ್ತಡ, ಹೈಪೊಟೆನ್ಷನ್ ಕಡಿಮೆ ರಕ್ತದೊತ್ತಡ. ನಮ್ಮ ಕಿವಿಗೆ ಇಲ್ಲಿ ವಿಶೇಷ ತೊಂದರೆ ಇದೆ. ‘ಹೈ ಬಿಪಿ’, ‘ಲೋ ಬಿಪಿ’ ಎಂದು ಮಾತಾಡಿ ಅಭ್ಯಾಸವಾಗಿ, ಹೈಪೊ ಎಂಬ ಪದದ ಮೊದಲ ‘ಹೈ’ ಕೇಳಿದ ಕೂಡಲೇ ಹೆಚ್ಚಾಗಿದೆ ಎಂದೇ ತಿಳಿಯುತ್ತೇವೆ. ನಮ್ಮ ಬೀದಿಯ ಹಿರಿಯರೊಬ್ಬರಿಗೆ ವೈದ್ಯರು ಹೈಪೊಥೈರಾಯಿಡ್ ಎಂದು ಹೇಳಿದ್ದರು. ಅವರು ಮನೆಗೆ ಬಂದು ಥೈರಾಯಿಡ್ ‘ಹೈ’ ಆಗಿದೆಯಂತೆ ಎಂದು ಎಲ್ಲರಿಗೂ ಹೇಳಿದರು. ನಿಜಕ್ಕೂ ಆ ಗ್ರಂಥಿ ಕಡಿಮೆ ಕೆಲಸ ಮಾಡುತ್ತಿತ್ತು. ಕಡಿಮೆಯಾದರೆ ಆಯಾಸ, ಚಳಿ, ತೂಕ ಏರುವುದು. ಹೆಚ್ಚಾದರೆ ಎದೆಬಡಿತ, ತೂಕ ಇಳಿಯುವುದು. ಚಿಕಿತ್ಸೆಯೂ ಪೂರ್ತಿ ಬೇರೆ. ಸಕ್ಕರೆ ಕಾಯಿಲೆಯವರಿಗೆ ಹೈಪೊಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಕುಸಿದಿದೆ ಎಂದರ್ಥ. ಸಕ್ಕರೆ ‘ಹೈ’ ಆಗಿದೆ ಎಂದುಕೊಂಡು ಬಾಯಿ ಕಟ್ಟಿ ಕೂತರೆ ಜೀವಕ್ಕೇ ಸಂಚಕಾರ. ಪದದ ತಲೆಯನ್ನು ನೋಡಬೇಡಿ, ನಡುವಿನ ದನಿಯನ್ನು ನೋಡಿ. ಹೈಪೊ, ಲೋ, ಎರಡಕ್ಕೂ ಪ್ರಾಸ ಕೂಡುತ್ತದೆ.

ಪದದ ತಲೆ ನೋಡಿ ಮೋಸಹೋಗುವ ಇನ್ನೊಂದು ಜಾಗ ‘ಇನ್’ ಎಂಬ ಉಪಸರ್ಗ. ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಇನ್‌ಫ್ಲೇಮಬಲ್’ ಎಂದು ಬರೆದಿರುತ್ತಾರೆ. ‘ಇನ್’ ಎಂದರೆ ಅಲ್ಲ, ಆದ್ದರಿಂದ ಬೆಂಕಿ ಹತ್ತುವುದಿಲ್ಲ ಎಂದು ಓದಿದರೆ ಕಥೆ ಮುಗಿಯಿತು. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡಕ್ಕೂ ಅರ್ಥ ಒಂದೇ, ಬೇಗ ಹೊತ್ತಿಕೊಳ್ಳುವಂಥದ್ದು. ಇನ್‌ವ್ಯಾಲ್ಯುಬಲ್ ಪದದಲ್ಲಿ ‘ಇನ್’ ಎಂದರೆ ನಿಜಕ್ಕೂ ಅಲ್ಲ ಎಂದೇ, ಆದರೂ ಅದು ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ವಿಚಿತ್ರ ಎನ್ನಿಸಿದರೆ ನಮ್ಮ ‘ಅಮೂಲ್ಯ’ವನ್ನು ನೆನೆಸಿಕೊಳ್ಳಿ. ಅಲ್ಲಿಯೂ ‘ಅ’ ಇದೆ, ಆದರೂ ಮಗಳಿಗೆ ಆ ಹೆಸರಿಡುತ್ತೇವೆ.

ಡಿಸ್‌ಇಂಟರೆಸ್ಟೆಡ್, ಅನ್‌ಇಂಟರೆಸ್ಟೆಡ್ ಎಂಬ ಜೋಡಿಯನ್ನು ಇಂಗ್ಲಿಷ್ ಪತ್ರಿಕೆಗಳೂ ಕಲಸುತ್ತವೆ. ನಾವು ಕಲಸಬೇಕಾಗಿಲ್ಲ, ಏಕೆಂದರೆ ಕನ್ನಡದಲ್ಲಿ ಆಸಕ್ತಿ ಬೇರೆ, ಹಿತಾಸಕ್ತಿ ಬೇರೆ. ಆಸಕ್ತಿ ಇಲ್ಲದವನು ಅನ್‌ಇಂಟರೆಸ್ಟೆಡ್, ಹಿತಾಸಕ್ತಿ ಇಲ್ಲದವನು ಡಿಸ್‌ಇಂಟರೆಸ್ಟೆಡ್. ಹೊಲದ ಬದುವಿನ ಜಗಳಕ್ಕೆ ಪಂಚಾಯಿತಿ ಮಾಡಲು ಬಂದವರು ಎರಡನೆಯವರಾಗಿರಬೇಕು. ಮೊದಲನೆಯವರಾದರೆ ಕಟ್ಟೆಯ ಮೇಲೆ ನಿದ್ದೆ ಮಾಡುತ್ತಾರೆ.

ಎಲ್ಲದಕ್ಕೂ ಕನ್ನಡದಲ್ಲಿ ಮದ್ದಿದೆ ಎಂದು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ಶೇಡ್ ಎಂದರೂ ನೆರಳು, ಶ್ಯಾಡೋ ಎಂದರೂ ನೆರಳು. ಬಿಸಿಲಲ್ಲಿ ನಡೆದು ಬಂದವನು ಹುಣಸೆ ಮರದ ನೆರಳಲ್ಲಿ ಕೂತ, ಎದುರಿನ ಗೋಡೆಯ ಮೇಲೆ ಅವನ ನೆರಳು ಬಿತ್ತು. ಮೊದಲನೆಯದಕ್ಕೆ ತಂಪಿದೆ, ಆಕಾರ ಮುಖ್ಯವಲ್ಲ. ಎರಡನೆಯದಕ್ಕೆ ಆಕಾರವಿದೆ, ತಂಪು ಮುಖ್ಯವಲ್ಲ. ಮಕ್ಕಳು ಚಿತ್ರ ಬರೆಯುವಾಗ ಯಾವುದಕ್ಕೆ ಅಂಚಿನ ಗೆರೆ ಎಳೆಯುತ್ತಾರೋ ಅದು ಶ್ಯಾಡೋ ಎಂದು ನಾನು ಹೇಳಿಕೊಡುತ್ತಿದ್ದೆ. ಬೆರಳೂ ಹಾಗೆಯೇ. ಕೈಯಲ್ಲಿದ್ದರೂ ಬೆರಳು, ಕಾಲಲ್ಲಿದ್ದರೂ ಬೆರಳು. ಅವರಿಗೆ ಕೈಯದು ಫಿಂಗರ್, ಕಾಲಿನದು ಟೋ. ಇಂಥವನ್ನು ಕಲಿಯಲೇಬೇಕು, ಅಡ್ಡದಾರಿ ಇಲ್ಲ.

ಕೊನೆಯ ಜೋಡಿ, ಬೈ ಮತ್ತು ಅಂಟಿಲ್. ‘ಅರ್ಜಿಗಳನ್ನು ಸೋಮವಾರದೊಳಗೆ ಸಲ್ಲಿಸಿ’ ಎನ್ನಬೇಕಾದ ಕಡೆ ನಮ್ಮ ಕಚೇರಿಗಳ ಇಂಗ್ಲಿಷ್ ಸೂಚನೆಗಳಲ್ಲಿ ಅಂಟಿಲ್ ಬಂದುಬಿಡುತ್ತದೆ. ಅದನ್ನು ಅಕ್ಷರಶಃ ಪಾಲಿಸಿದರೆ ಸೋಮವಾರದವರೆಗೆ ದಿನವೂ ಹೋಗಿ ಅರ್ಜಿ ಕೊಡುತ್ತಲೇ ಇರಬೇಕು. ‘ಒಳಗೆ’ ಬಂದರೆ ಬೈ. ಆ ಗಡುವಿಗೆ ಮೊದಲು ಒಮ್ಮೆ ಮುಗಿಸಿದರೆ ಆಯಿತು. ‘ವರೆಗೆ’, ‘ತನಕ’ ಬಂದರೆ ಅಂಟಿಲ್. ಗಡುವು ಮುಟ್ಟುವ ತನಕ ಕೆಲಸ ನಡೆಯುತ್ತಲೇ ಇರುತ್ತದೆ.

ಸಂಘಟಕರು ನನಗೆ ‘ಆರು ಗಂಟೆಯೊಳಗೆ ಮುಗಿಸಿ ಸರ್’ ಎಂದಿದ್ದರು. ನಾನು ಅದನ್ನು ‘ಆರು ಗಂಟೆಯವರೆಗೆ’ ಎಂದು ಕೇಳಿಸಿಕೊಂಡೆ. ಗೋಡೆಯ ಗಡಿಯಾರ ಈಗ ಆರೂ ಹತ್ತು ತೋರಿಸುತ್ತಿದೆ, ಗ್ರಂಥಪಾಲಕರು ಬೀಗದ ಕೈ ಹಿಡಿದು ಬಾಗಿಲ ಬಳಿ ನಿಂತಿದ್ದಾರೆ. ಪ್ರಶ್ನೆ ಇರುವವರು ಮೆಟ್ಟಿಲಿನ ಹತ್ತಿರ ಬನ್ನಿ. ಡೌಟ್ ಇರುವವರೂ ಬನ್ನಿ.